ಗುರುಪಾದಯ್ಯನವರ ಕಂಪ್ಯೂಟರಿಗೆ ಕೀಲಿ ಬಿದ್ದದ್ದು

ವಿಜಯಪುರದಲ್ಲಿ ಅಮಾವಾಸ್ಯೆ ಬಂತೆಂದರೆ ಗಾಲಿ ಇದ್ದದ್ದಕ್ಕೂ ಪೂಜೆ, ಗಾಲಿ ಇಲ್ಲದ್ದಕ್ಕೂ ಪೂಜೆ. ಟ್ರ್ಯಾಕ್ಟರಿಗೆ ನಿಂಬೆಹಣ್ಣು, ಹಿಟ್ಟಿನ ಗಿರಣಿಗೆ ತೆಂಗಿನಕಾಯಿ, ಅಂಗಡಿಯ ತಕ್ಕಡಿಗೆ ಊದಿನಕಡ್ಡಿ. ಹೀಗಿರುವಾಗ ಅಥಣಿ ರಸ್ತೆಯ ಕಲ್ಯಾಣ ವಧು-ವರ ಮಾಹಿತಿ ಕೇಂದ್ರದ ಕಾರ್ಯದರ್ಶಿ ಗುರುಪಾದಯ್ಯನವರು ಕೇಂದ್ರದ ಕಂಪ್ಯೂಟರಿಗೆ ಮೂರೆಳೆ ವಿಭೂತಿ ಹಚ್ಚಿ ಕಾಯಿ ಒಡೆದರೆ ಅದನ್ನು ತಪ್ಪೆನ್ನಲು ಬರುವುದಿಲ್ಲ. ತಪ್ಪು ಇದ್ದದ್ದು ದಾರದಲ್ಲಿ.

ಗೋಳಗುಮ್ಮಟದ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ರಿಯಾಜ ಎಂಬವನು ಅಂಗೈಯಗಲದ ಒಂದು ಕರಿ ಡಬ್ಬಿ ಕೊಟ್ಟು ಬಿಡಿಸಿ ಹೇಳಿದ್ದ: "ಅಯ್ಯಾರ, ತಿಂಗಳಿಗೊಮ್ಮೆ ಇದನ್ನ ಕಂಪ್ಯೂಟರಿಗೆ ಹಚ್ಚಿ ಎಲ್ಲಾದ್ರದೂ ನಕಲು ತಗೊಳ್ರಿ. ನಕಲು ಆದ ಕೂಡ್ಲೆ ಬಿಚ್ಚಿ ದೂರ ಇಡ್ರಿ. ಒಂದಕ್ಕ ಏನರ ಆದ್ರ ಇನ್ನೊಂದು ಉಳೀತೈತಿ."

ಹಚ್ಚುವ ಮಾತನ್ನು ಗುರುಪಾದಯ್ಯನವರು ತಪ್ಪದೆ ನಡೆಸಿದರು. ಬಿಚ್ಚುವ ಮಾತು ಅವರಿಗೆ ರುಚಿಸಲಿಲ್ಲ. ಎರಡು ಜೀವ ಕೂಡಿಸುವುದೇ ಕಸುಬಾದ ಕಚೇರಿಯಲ್ಲಿ, ಅದೂ ಪೂಜೆ ಆದಮೇಲೆ, ಜೊತೆಗಿದ್ದ ಎರಡನ್ನು ಬಿಚ್ಚಿ ದೂರ ಇಡುವುದೆಂದರೇನು? ಅವರು ಅರಿಷಿಣದ ದಾರ ತಂದು ಡಬ್ಬಿಯನ್ನು ಕಂಪ್ಯೂಟರಿಗೆ ಕಟ್ಟಿ, "ನೂರು ಕಾಲ ಕೂಡಿ ಬಾಳ್ರಿ" ಎಂದು ಅಕ್ಷತೆ ಹಾಕಿದರು.

ಇದಕ್ಕೂ ಮೊದಲು ಅವರು ಇನ್ನೊಂದು ಘನಕಾರ್ಯ ಮಾಡಿದ್ದರು. ಕಂಪ್ಯೂಟರ್ ಬಂದ ಹೊಸತಿನಲ್ಲಿ, "ನಮ್ಮದು ಇನ್ನ ಪೂರಾ ಡಿಜಿಟಲ್ರಿ" ಎಂದು ಸಾರಿ, ವರ್ಷಾನುಗಟ್ಟಲೆ ಕೂಡಿದ್ದ ಕಾಗದಪತ್ರಗಳನ್ನೆಲ್ಲ ಎದುರಿನ ಭಜಿ ಅಂಗಡಿಗೆ ದಾನ ಮಾಡಿದ್ದರು. ಆ ತಿಂಗಳು ಅಥಣಿ ರಸ್ತೆಯ ಜನ ಮಿರ್ಚಿ ಭಜಿ ತಿನ್ನುತ್ತ ಕಂಡವರ ಮಕ್ಕಳ ನಕ್ಷತ್ರ, ಎತ್ತರ, ಮೈಬಣ್ಣ ಓದಿಕೊಂಡರು.

ಹೀಗೆ ಎಲ್ಲ ದಾರಿಗಳನ್ನೂ ಸ್ವತಃ ಮುಚ್ಚಿ ಗುರುಪಾದಯ್ಯನವರು ನೆಮ್ಮದಿಯಿಂದ ಕುಳಿತಿರಲು, ಒಂದು ಮಂಗಳವಾರ ಕೇಂದ್ರಕ್ಕೆ ಇಂಗ್ಲಿಷಿನಲ್ಲಿ ಮೇಲ್ ಬಂತು. ವರ ಇಂಜಿನಿಯರ್, ಮೈಬಣ್ಣ ಕೆಂಪು, ಗುಣವಂತ, ಬಯೋಡಾಟಾ ಜೊತೆಗಿದೆ ಎಂದು ಅದರ ತಾತ್ಪರ್ಯ. ಬಂದ ಬಯೋಡಾಟಾವನ್ನು ತೆರೆಯದೆ ಬಿಡುವುದೆಂದರೆ ಹೊಸ್ತಿಲಿಗೆ ಬಂದ ವರನಿಗೆ ಕಾಲಿಗೆ ನೀರು ಕೊಡದೆ ಕಳಿಸಿದಂತೆ. ಅವರು ಒತ್ತಿದರು. ಏನೂ ಕಾಣಲಿಲ್ಲ. ಮತ್ತೆ ಒತ್ತಿದರು. "ಹುಡುಗ ನಾಚಾಕತ್ತಾನ" ಎಂದುಕೊಂಡು ಚಹ ಕುಡಿಯಲು ಎದ್ದುಹೋದರು.

ತಿರುಗಿ ಬಂದಾಗ ಪರದೆ ಕೆಂಡದಂತೆ ಕೆಂಪಾಗಿತ್ತು. ಮೇಲೆ ಇಂಗ್ಲಿಷ್ ಬರಹ, ಕೆಳಗೆ ಹಿಂದುಹಿಂದಕ್ಕೆ ಓಡುವ ಗಡಿಯಾರ. ವಧುಗಳೂ ಇಲ್ಲ, ವರರೂ ಇಲ್ಲ. ಎಲ್ಲರ ಫೋಟೋ ಇದ್ದಲ್ಲಿ ಬಿಳಿ ಹಾಳೆಯ ಚಿತ್ರ.

ರಿಯಾಜ ಓಡಿಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. "ಅಯ್ಯಾರ, ಕಳ್ಳರು ಒಳಗ ಹೊಕ್ಕು ನಿಮ್ಮ ಎಲ್ಲಾ ಫೈಲಿಗೂ ಕೀಲಿ ಹಾಕ್ಯಾರ. ರೊಕ್ಕ ಕೊಟ್ರ ಕೀಲಿಕೈ ಕೊಡ್ತೀವಿ ಅಂತಾರ."

"ಏನೂ ಒಯ್ದಿಲ್ಲಲ್ಲ?"

"ಎಲ್ಲಾ ಇದರಾಗ ಐತ್ರಿ. ನಿಮಗ ಕಾಣಂಗಿಲ್ಲ, ಅಷ್ಟ."

"ಇದೆಂಥಾ ಕಳವು ತಮ್ಮಾ! ಮನ್ಯಾಗಿನ ಭಾಂಡೆ ಮುಟ್ಟೂದಿಲ್ಲ, ಮನಿಗೇ ಕೀಲಿ ಹಾಕಿ ಯಜಮಾನನ್ನ ಓಣ್ಯಾಗ ನಿಂದರಸೋದು! ಹಿಂದಿನ ಕಳ್ಳರಿಗೆ ಒಂದು ಮರ್ಯಾದಿ ಇತ್ತು."

"ಕರಿ ಡಬ್ಬಿ ಎಲ್ಲೈತ್ರಿ?"

ಗುರುಪಾದಯ್ಯನವರು ಗದ್ದ ಎತ್ತಿ ತೋರಿಸಿದರು. ರಿಯಾಜ ಅರಿಷಿಣದ ದಾರವನ್ನು ನೋಡಿದ, ಅಕ್ಷತೆಯನ್ನು ನೋಡಿದ, ಅವರ ಮುಖವನ್ನು ನೋಡಿದ.

"ಯಾ ಅಲ್ಲಾ! ಇವೆರಡನ್ನೂ ಕೂಡಿಸಿ ಕಟ್ಟಿದವ್ರು ಯಾರ್ರಿ?"

"ಅಮಾಸಿಗೆ ನಾನ ಕಟ್ಟೀನಿ. ಯಾಕ?"

"ಗಂಡಗ ಬಂದ ರೋಗ ಹೇಣ್ತಿಗೂ ಹತ್ತೈತ್ರಿ. ಡಬ್ಬಿಗೂ ಕೀಲಿ ಬಿದ್ದೈತಿ."

ಸಂಜೆಯವರೆಗೆ ಏನೇನೋ ಒತ್ತಿ ಸೋತು ರಿಯಾಜ ಕೊನೆಗೆ ಹೇಳಿದ: "ಈ ಜಾತಿ ಕೀಲಿಗೆ ಇನ್ನೂ ಕೈ ಹುಟ್ಟಿಲ್ರಿ. ಕಳ್ಳರಿಗೆ ರೊಕ್ಕ ಕೊಡಬ್ಯಾಡ್ರಿ, ಕೊಟ್ರೂ ತೆರೀತಾರಂತ ಖಾತ್ರಿ ಇಲ್ಲ. ಪೊಲೀಸರಿಗೆ ತಕರಾರು ಕೊಡ್ರಿ. ಮತ್ತ ನಿಮ್ಮ ಮಂದಿಗೆ ಖರೇ ಏನಾಗೈತಿ ಅಂತ ಹೇಳಿಬಿಡ್ರಿ."

ರೊಕ್ಕ ಕೊಡದೆ ಇರುವುದು ಗುರುಪಾದಯ್ಯನವರಿಗೆ ಸಹಜವಾಗಿಯೇ ಸಾಧ್ಯವಾಯಿತು. ಪೊಲೀಸರ ಬಳಿ ಹೋಗುವುದೂ ಆಗುವ ಮಾತೇ. ಖರೇ ಹೇಳುವುದು ಮಾತ್ರ ಹೇಗೆ? ಕೇಂದ್ರ ಇದ್ದ ಕೋಣೆ ಅಧ್ಯಕ್ಷರಾದ ಸಂಗನಬಸವ ಬಿರಾದಾರರದು. ಒಣದ್ರಾಕ್ಷಿಯ ದೊಡ್ಡ ವ್ಯಾಪಾರಿ. ಅವರ ಅಳಿಯನಿಗೆ ಆ ಕೋಣೆಯಲ್ಲಿ ಮೊಬೈಲ್ ಅಂಗಡಿ ಹಾಕುವ ಆಸೆ. "ಅಯ್ಯಾರ, ಕೇಂದ್ರ ಚಂದ ನಡೆಯೂತನಕ ಕೋಣಿ ನಿಮ್ಮದು. ಒಂದು ಹೆಚ್ಚುಕಡಿಮಿ ಆತಂದ್ರ ಅಳಿಯಂದು" ಎಂದು ಅಧ್ಯಕ್ಷರು ಯುಗಾದಿಗೇ ಹೇಳಿದ್ದರು. ಬರುವ ಭಾನುವಾರ ಅವರದೇ ಸಭಾಭವನದಲ್ಲಿ ವಧು-ವರರ ಸಮಾವೇಶ ಬೇರೆ ಇತ್ತು.

ಕೇಂದ್ರ ಹುಟ್ಟಿದ್ದು ಗುರುಪಾದಯ್ಯನವರ ಮನೆಯ ಪಡಸಾಲೆಯಲ್ಲಿ. ಹುಟ್ಟಿಸಿದವರು ಅವರ ಮಡದಿ ರೇಣುಕವ್ವ. ಯಾರ ಮಗಳಿಗೆ ಯಾರ ಮಗ ಎಂಬುದು ಆಕೆಗೆ ಬಾಯಿಪಾಠವಿತ್ತು. ಆಕೆ ಲಿಂಗೈಕ್ಯರಾಗಿ ಮೂರು ವರ್ಷವಾಗಿತ್ತು. ಈಗ ಕೇಂದ್ರವೂ ಮುಚ್ಚಿದರೆ ಗುರುಪಾದಯ್ಯನವರಿಗೆ ಮುಂಜಾನೆ ಎದ್ದು ಹೋಗಲು ಇದ್ದ ಒಂದೇ ಒಂದು ಜಾಗವೂ ಇಲ್ಲದಾಗುತ್ತಿತ್ತು.

ಆದ್ದರಿಂದ ಅವರು ಮನುಷ್ಯಮಾತ್ರರೆಲ್ಲ ಮಾಡುವುದನ್ನೇ ಮಾಡಿದರು. ಮುಚ್ಚಿಟ್ಟರು.

ಮನೆಗೆ ಬಂದಾಗ ಸೊಸೆ ಅನುರಾಧಾ ಕೇಳಿದಳು. ಆಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ತಪ್ಪು ಉತ್ತರ ದೂರದಿಂದಲೇ ಆಕೆಗೆ ಕಾಣುತ್ತಿತ್ತು.

"ಯಾಕ್ರಿ ಮಾಂವಾರ, ಮಾರಿ ಸಪ್ಪಗ ಮಾಡೀರಿ?"

"ಬಿಸಲು."

"ಮ್ವಾಡ ಹಾಕೈತಲ್ರಿ."

"ಮ್ವಾಡದಾಗಿನ ಬಿಸಲು ಭಾಳ ಕೆಟ್ಟ ಯವ್ವಾ" ಎಂದು ಗುರುಪಾದಯ್ಯನವರು ದೇವರಮನೆ ಹೊಕ್ಕರು. ಅಲ್ಲಿ ಜಗಲಿಯ ಮೇಲೆ ರೇಣುಕವ್ವ ಇಟ್ಟದ್ದೆಲ್ಲ ಇಟ್ಟ ಹಾಗೆಯೇ ಇತ್ತು. ಮನೆದೇವರು, ಶಂಖ, ಗಂಟೆ, ಮೂಲೆಯಲ್ಲಿ ಕೆಂಪು ಬಟ್ಟೆಯಲ್ಲಿ ಹೊಲಿದ ಬೆರಳುದ್ದದ ಒಂದು ತಾಯಿತ. ಅದು ಯಾವ ಕ್ಷೇತ್ರದ್ದೋ ಅವರಿಗೆ ತಿಳಿಯದು. "ಅದನ್ನ ಜ್ವಾಪಾನ ಮಾಡ್ರಿ" ಎಂದು ಆಕೆ ಹೇಳಿದ್ದಷ್ಟೇ ಗೊತ್ತು. ಅಂದಿನಿಂದ ದಿನಾಲು ಅದಕ್ಕೆ ವಿಭೂತಿ, ಒಂದು ಹೂವು, ಸೋಮವಾರ ಒಂದು ಉದ್ಧರಣೆ ಹಾಲು. ಅಂದು ಮಂಗಳವಾರವಾದರೂ ಹಾಲು ಹಾಕಿ ಕೈಮುಗಿದರು.

ಮರುದಿನ ಪೊಲೀಸ್ ಠಾಣೆ. ಹವಾಲ್ದಾರರು ಕಾಗದ ತೆಗೆದುಕೊಂಡು ಕೂತರು.

"ಏನ ಕಳುವಾಗೈತ್ರಿ?"

"ಏನೂ ಆಗಿಲ್ರಿ. ಎಲ್ಲಾ ಅಲ್ಲೇ ಐತಿ."

"ಮತ್ತ ತಕರಾರು?"

"ಅಲ್ಲೇ ಇದ್ದದ್ದು ಕಾಣವಲ್ದು."

ಹವಾಲ್ದಾರರು ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡರು. "ಯಾರ ಮ್ಯಾಲರ ಸಂಶೆ ಐತೇನ್ರಿ?"

"ಐತ್ರಿ. ಒಬ್ಬ ವರನ ಮ್ಯಾಲ."

"ಹೆಸರು?"

"ಹೇಳಿಲ್ರಿ. ಇಂಜಿನಿಯರ್. ಕೆಂಪು ಬಣ್ಣ. ಗುಣವಂತ."

"ಗುಣವಂತ ಅಂತ ಬರೀಲೇನ್ರಿ?"

"ಅವ್ರು ಹಂಗ ಬರದಿದ್ರು."

ತಕರಾರು ದಾಖಲಾಯಿತು. ಗುರುಪಾದಯ್ಯನವರು ಏಳುವಾಗ ಹವಾಲ್ದಾರರು ದನಿ ತಗ್ಗಿಸಿ, "ಅದಿರ್ಲಿ ಅಯ್ಯಾರ, ನಮ್ಮಕ್ಕನ ಮಗಳೊಬ್ಬಾಕಿ ಅದಾಳ. ಗುಣವಂತ ಯಾರರ ಇದ್ರ ನೋಡ್ರಿ. ಆದ್ರ ಈ ಗುಣವಂತ ಬ್ಯಾಡ" ಎಂದರು.

ಇನ್ನು ಉಳಿದ ದಾರಿ ಒಂದೇ. ಮನೆಮನೆಗೆ ಹೋಗಿ, ಬೇರೇನೋ ನೆವ ಹೇಳಿ, ಎಲ್ಲರ ವಿವರವನ್ನೂ ಮತ್ತೆ ಬರೆದುಕೊಳ್ಳುವುದು. ಈ ಯೋಜನೆಯಲ್ಲಿ ಒಂದು ಸಣ್ಣ ಊನವಿತ್ತು. ಮದುವೆ ಮಾಡಿಸುವ ಅಯ್ಯನವರು ತಾವಾಗಿ ಒಂದು ಮನೆಯ ಮೆಟ್ಟಿಲು ಹತ್ತಿ, ಚಾಪೆಯ ಮೇಲೆ ಕುಳಿತು, "ಹುಡುಗನ ವಯಸ್ಸೆಷ್ಟು, ಎತ್ತರ ಎಷ್ಟು" ಎಂದು ಕೇಳಿದರೆ ಈ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ. ಸಂಬಂಧ ಬಂದಿದೆ. ಗುರುಪಾದಯ್ಯನವರೇ ನಲವತ್ತು ವರ್ಷ ಜನರಿಗೆ ಕಲಿಸಿದ ಪಾಠ ಅದು. ಆದರೆ ಗುರುಗಳಿಗೆ ಸಮಯಕ್ಕೆ ನೆನಪಾಗಲಿಲ್ಲ.

ಟಿಕೋಟಾದಲ್ಲಿ ನೀಲವ್ವನ ಮನೆ ಮೊದಲು ಸಿಕ್ಕಿತು. ನೀಲವ್ವನಿಗೆ ದ್ರಾಕ್ಷಿ ತೋಟವಿತ್ತು, ಸಿದ್ದಲಿಂಗೇಶನೆಂಬ ಮಗನಿದ್ದ, ಸೊಸೆ ಇರಲಿಲ್ಲ. ಅಯ್ಯನವರನ್ನು ಬಾಗಿಲಲ್ಲಿ ಕಂಡವಳೇ ಆಕೆ ಸೆರಗು ತಲೆಗೆಳೆದುಕೊಂಡು, ಕಾಲಿಗೆ ನೀರು ಕೊಟ್ಟು, ಒಳಗೆ ಹೋಗಿ ಮಾದಲಿ ಕಲೆಸಲು ಕುಳಿತಳು. ಮಾದಲಿ ಈ ಕಡೆ ಸುಮ್ಮನೆ ಮಾಡುವ ಸಿಹಿಯಲ್ಲ.

"ಯವ್ವಾ, ನಾ ಬರೇ ವಿಚಾರಿಸಾಕ ಬಂದೀನಿ. ಹುಡುಗನ ವಯಸ್ಸು..."

"ಎಲ್ಲಿಯವ್ರರಿ?"

"ಯಾರು?"

"ಹೆಣ್ಣಿನ ಕಡಿಯವ್ರು."

"ಹೆಣ್ಣಿಲ್ಲ ಯವ್ವಾ. ಏನೂ ಇಲ್ಲ."

ನೀಲವ್ವ ಮುಗುಳ್ನಕ್ಕಳು. ಸಂಬಂಧ ಹಗುರವಿದ್ದರೆ ಅಯ್ಯನವರು ಕೂತಕೂಡಲೇ ಊರು, ಮನೆತನ, ಬಂಗಾರ ಎಲ್ಲ ಹೇಳುತ್ತಾರೆ. ಭಾರಿ ಇದ್ದರೆ ಕೇಳಿದವರಿಗೆ ಸುಳಿವು ಕೊಡುವುದಿಲ್ಲ. ಏನೂ ಇಲ್ಲ ಎಂದಮೇಲೆ ಇದು ಬಹಳ ದೊಡ್ಡ ಮನೆತನ. ಆಕೆ ಮಾದಲಿಯ ಮೇಲೆ ಇನ್ನೂ ಒಂದು ಚಮಚ ತುಪ್ಪ ಸುರಿದಳು.

"ವಯಸ್ಸು ಮೂವತ್ತೊಂದು ಬರಕೊಳ್ರಿ."

"ಮೂವತ್ತೊಂದು ನೀವು ಹಿಂದೊಮ್ಮೆ ಬರಸಿದಂಗ ನೆನಪು..."

"ಹೌದಲ್ರಿ! ಒಮ್ಮೆ ಹೇಳಿದ್ದ ಮಾತು ನಾವು ಬದಲ ಮಾಡೂ ಮಂದಿ ಅಲ್ಲ."

ಬಾಗಿಲಲ್ಲಿ ನಿಂತಿದ್ದ ಸಿದ್ದಲಿಂಗೇಶ, "ಯವ್ವಾ, ನನಗ ಮೂವತ್ನಾಲ್ಕು" ಎಂದ.

"ನಿನಗೇನ ಗೊತ್ತಲೇ? ನೀ ಹುಟ್ಟಿದಾಗ ನಿನಗ ಎಚ್ಚರ ಇತ್ತೇನು?"

ಅಷ್ಟರಲ್ಲಿ ನೆರೆಯವರು ಒಬ್ಬೊಬ್ಬರಾಗಿ ಸಕ್ಕರೆ ಕೇಳುವ ನೆವದಲ್ಲಿ ಬಂದು ಕಂಬಕ್ಕೆ ಒರಗಿದರು. ಅಬೇದಾ ಎಂಬ ಹಿರಿಯ ಹೆಂಗಸು, "ಏನವ್ವಾ ನೀಲವ್ವ, ಕಡೀಗೂ ಕೂಡಿಬಂತ?" ಎಂದಳು. "ಅಯ್ಯಾರು ಏನೂ ಇಲ್ಲ ಅನ್ನಾಕತ್ತಾರ" ಎಂದು ನೀಲವ್ವ ಹೆಮ್ಮೆಯಿಂದ ಹೇಳಿದಳು. "ಹಂಗಾರ ಪಕ್ಕಾ ಆತು ಬಿಡು" ಎಂದಳು ಅಬೇದಾ.

ಬಬಲೇಶ್ವರ ಮುಟ್ಟುವ ಹೊತ್ತಿಗೆ ಸುದ್ದಿ ಅವರಿಗಿಂತ ಮೊದಲಿನ ಬಸ್ಸಿಗೆ ಬಂದು ಇಳಿದಿತ್ತು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಶಿವಪುತ್ರಪ್ಪ ಬಾಗಿಲಲ್ಲೇ ತಡೆದ.

"ಅಯ್ಯಾರ, ಟಿಕೋಟಾದಾಗ ಮಾದಲಿ ಉಂಡ ಬಂದೀರಂತ. ನೋಡ್ರಿ, ತ್ವಾಟದ ಮಂದಿಗೆ ನಮ್ಮ ಕಾವ್ಯಾನ ಕೊಡಾಕ ನನಗ ಮನಸಿಲ್ಲ. ಆಕಿ ಔಷಧದಂಗಡಿ ನಡಸಾಕಿ."

"ನಾ ಎಲ್ಲಿ ಕೇಳಿದ್ನಿ?"

"ನೀವು ಕೇಳೂದಕ್ಕಿಂತ ಮೊದ್ಲ ಹೇಳಿಬಿಡೂದು ಚಲೋ." ಬೇಡವೆಂದು ಹೀಗೆ ಖಂಡಿತವಾಗಿ ಹೇಳಿ ಶಿವಪುತ್ರಪ್ಪ ಒಳಗೆ ಕೂಗಿದ: "ಹೋಳಿಗಿ ಹಾಕ್ರಿ!" ನಿರಾಕರಿಸುವುದಾದರೂ ಮರ್ಯಾದೆ ಬಿಡಲಾಗುತ್ತದೆಯೆ? ಆಮೇಲೆ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದ: "ತ್ವಾಟ ಎಷ್ಟ ಎಕರೆ ಐತ್ರಿ?"

ಕಾವ್ಯಾ ಚಹ ತಂದಿಟ್ಟಳು. ಅಯ್ಯನವರನ್ನು ಒಂದು ಗಳಿಗೆ ದಿಟ್ಟಿಸಿದಳು.

"ಅಯ್ಯಾರ, ಎಲ್ಲಾರದೂ ಮೊದಲಿಂದ ಬರಕೊಳ್ಳಾಕತ್ತೀರಿ. ನಿಮ್ಮ ಕಂಪ್ಯೂಟರ್ ಕೆಟ್ಟೈತೇನ್ರಿ?"

ಗುರುಪಾದಯ್ಯನವರಿಗೆ ಹೋಳಿಗೆ ಗಂಟಲಲ್ಲಿ ನಿಂತಿತು. ಬೆನ್ನು ಗುದ್ದಿ, ನೀರು ಕುಡಿಸಿ, ಅವರನ್ನು ಇಹಲೋಕಕ್ಕೆ ತರುವಷ್ಟರಲ್ಲಿ ಆ ಪ್ರಶ್ನೆ ಎಲ್ಲರಿಗೂ ಮರೆತುಹೋಯಿತು. ಕಾವ್ಯಾಳಿಗೆ ಮಾತ್ರ ಉತ್ತರ ಸಿಕ್ಕಿತ್ತು.

"ನಂದು ಖರೇ ಬರಕೊಳ್ರಿ. ಇಪ್ಪತ್ತೊಂಬತ್ತು" ಎಂದಳು.

"ಇಪ್ಪತ್ತಾರು!" ಎಂದು ಅಡುಗೆಮನೆಯಿಂದ ಅವಳ ತಾಯಿಯ ದನಿ ಬಂತು. ಹೋಳಿಗೆ ಹಂಚಿನ ಮೇಲೆ ಸೀಯುತ್ತಿದ್ದರೂ ಆಕೆಯ ಕಿವಿ ಪಡಸಾಲೆಯಲ್ಲೇ ಇತ್ತು.

ಮುಂದಿನ ಎರಡು ದಿನ ಗುರುಪಾದಯ್ಯನವರು ಹೋದ ಮನೆಯಲ್ಲೆಲ್ಲ ಇದೇ ಕಥೆ. ಎತ್ತರ ಏರಿತು, ವಯಸ್ಸು ಇಳಿಯಿತು, ತೂಕ ಯಾರಿಗೂ ನೆನಪಿರಲಿಲ್ಲ. ಅವರು ಇಲ್ಲ ಇಲ್ಲ ಎಂದಷ್ಟೂ ಹೂರಣ ದಪ್ಪವಾಗುತ್ತ ಹೋಯಿತು. ಹೋಗದ ಮನೆಗಳ ಪಾಡು ಬೇರೆ. ಕಾಖಂಡಕಿಯಿಂದ ಒಬ್ಬರು ಫೋನ್ ಮಾಡಿ, "ಏನ್ರೀ ಅಯ್ಯಾರ, ನಮ್ಮ ಮಗಗ ಏನ್ ಕಾಲು ಕುಂಟೈತೋ ಕಣ್ಣು ಕುರುಡೈತೋ? ಎಲ್ಲಾರ ಮನಿಗೂ ಹೋಗಿ ನಮ್ಮ ಮನಿ ದಾಟಿ ಹ್ವಾದ್ರಲ್ಲ?" ಎಂದು ಜಗಳ ತೆಗೆದರು. ಅವರ ಮಗನಿಗೆ ಹದಿನೇಳು ವರ್ಷ.

ಶುಕ್ರವಾರ ಅಧ್ಯಕ್ಷರ ಫೋನ್ ಬಂತು. ಅವರ ದನಿಯಲ್ಲಿ ಹಬ್ಬವಿತ್ತು.

"ಅಯ್ಯಾರ! ಏನ್ರೀ ನಿಮ್ಮ ಕಾರಭಾರ! ಬಜಾರದಾಗ ಹೋದಲ್ಲೆಲ್ಲಾ ನನಗ ಮಂದಿ ಕೈ ಮುಗ್ಯಾಕತ್ತಾರ. ಎಷ್ಟು ಗಂಟು ಹಾಕೀರಿ?"

"ಗಂಟು ಅಂದ್ರ... ಒಂದ ಗಂಟು ಹಾಕಿದ್ನಿರಿ, ಅರಿಷಿಣದ ದಾರದಾಗ. ಅದೇ ಎಡವಟ್ಟಾಗೈತಿ."

"ಚೇಷ್ಟಿ ಸಾಕು! ನಾ ಶಾಲು ತರಸೀನಿ, ಪೇಡೆ ಹೇಳೀನಿ. ಭಾನುವಾರ ಒಂದೊಂದು ಜೋಡಿನೂ ಪರದೆ ಮ್ಯಾಲ ತೋರಿಸಿ ಜಾಹೀರ ಮಾಡೂದು. ಎಲ್ಲಾ ಕಂಪ್ಯೂಟರಿನ್ಯಾಗ ಐತಲ್ಲ?"

"ಐತ್ರಿ" ಎಂದರು ಗುರುಪಾದಯ್ಯನವರು. ಅದು ಸುಳ್ಳಲ್ಲ. ಇತ್ತು. ಕಾಣುತ್ತಿರಲಿಲ್ಲ.

ಶನಿವಾರ ಮುಂಜಾನೆ ಅವರು ಜಗಲಿಯ ಮುಂದೆ ಕುಳಿತದ್ದು ಎದ್ದೇಳಲಿಲ್ಲ. ಗಂಟೆ ಬಾರಿಸಿದರು, ಮತ್ತೆ ಬಾರಿಸಿದರು. ದೇವರಿಗೆ ಎಚ್ಚರವಾಗಿ ಬಹಳ ಹೊತ್ತಾಗಿದ್ದರೂ ಬಾರಿಸುತ್ತಲೇ ಇದ್ದರು. ಕೊನೆಗೆ ಕೆಂಪು ತಾಯಿತವನ್ನು ಅಂಗೈಯಲ್ಲಿಟ್ಟುಕೊಂಡು, "ಏ ರೇಣುಕಾ, ನೀ ಇದ್ದಿದ್ರ ಒಂದು ಅಕ್ಷರ ನೋಡದ ಎಲ್ಲಾರದೂ ಹೇಳ್ತಿದ್ದಿ. ನಾ ಡಬ್ಬಿ ನಂಬಿ ಕೆಟ್ನಿ" ಎಂದು ಗಟ್ಟಿಯಾಗಿಯೇ ಅಂದರು.

ಹಿಂದಿನಿಂದ ಅನುರಾಧಾಳ ದನಿ ಬಂತು. "ಯಾವ ಡಬ್ಬಿರಿ ಮಾಂವಾರ?"

ಇನ್ನು ಮುಚ್ಚಿಡಲು ಅವರಲ್ಲಿ ಶಕ್ತಿ ಇರಲಿಲ್ಲ. ಕೆಂಪು ಪರದೆಯಿಂದ ಕಾಖಂಡಕಿಯವರೆಗೆ ಎಲ್ಲವನ್ನೂ ಹೇಳಿದರು. ಅನುರಾಧಾ ಪೂರ್ತಿ ಕೇಳಿದಳು. ಆಮೇಲೆ ಅವರ ಅಂಗೈಯನ್ನು ನೋಡಿದಳು.

"ಮತ್ತ ಅದನ್ನ ಕೈಯಾಗ ಹಿಡಕೊಂಡು ಅಳಾಕತ್ತೀರೇನ್ರಿ?"

"ತಾಯಿತ ಯವ್ವಾ. ನಿಮ್ಮತ್ತಿದು."

"ತಾಯಿತ ಅಲ್ರೀ ಮಾಂವಾರ, ಪೆನ್‌ಡ್ರೈವ್! ಅತ್ತಿಯವ್ರು ಕೇಂದ್ರದ ಎಲ್ಲಾ ಇದರಾಗ ಹಾಕಿಕೊಡು ಅಂದಿದ್ರು, ನಾನ ಹಾಕಿ ಕೊಟ್ಟಿದ್ನಿ. 'ಇವ್ರು ಕಾಗದೆಲ್ಲಾ ಭಜಿ ಅಂಗಡಿಗೆ ಹಾಕ್ಯಾರ, ನಾಳೆ ಈ ಕಂಪ್ಯೂಟರೂ ಕೈಕೊಟ್ರ ಏನ್ ಗತಿ' ಅಂತ ಅವ್ರೇ ಬಟ್ಟ್ಯಾಗ ಹೊಲದು ಇಲ್ಲಿಟ್ರು. ದೇವರ ಮುಂದಿಂದು ಯಾರೂ ಮುಟ್ಟೂದಿಲ್ಲ ಅಂತ."

ಗುರುಪಾದಯ್ಯನವರು ತಾಯಿತವನ್ನು ಹಿಂದೆಮುಂದೆ ತಿರುಗಿಸಿ ನೋಡಿದರು.

"ಮೂರು ವರ್ಷದಿಂದ ನಾ ಇದಕ್ಕ ಪೂಜಾ ಮಾಡಾಕತ್ತೀನಿ. ನೀ ನೋಡೀದಿ. ಒಂದು ಮಾತರ ಹೇಳಬಾರದೇನು?"

"ನಿಮಗೂ ಗೊತ್ತಂತ ತಿಳದಿದ್ನಿರಿ. ಅತ್ತಿಯವ್ರು ಇಟ್ಟದ್ದಂತ ಪ್ರೀತಿಗೆ ಮಾಡ್ತಾರ ಅಂತ ಸುಮ್ನಿದ್ನಿ." ಆಮೇಲೆ ಅನುರಾಧಾ ಸೇರಿಸಿದಳು, "ಮಂಗಳವಾರ ಬಿಸಲು ಅನ್ನೂದು ಬಿಟ್ಟು ಖರೇ ಹೇಳಿದ್ರ ಅವತ್ತ ಬಿಚ್ಚಿಕೊಡ್ತಿದ್ನಿ."

ಗೋಳಗುಮ್ಮಟದ ಹತ್ತಿರದ ಅಂಗಡಿಯಲ್ಲಿ ರಿಯಾಜ ಹೊಲಿಗೆ ಬಿಚ್ಚಿದ. ಮೂಸಿ ನೋಡಿದ. ಹುಬ್ಬು ಗಂಟಿಕ್ಕಿದ.

"ಅಯ್ಯಾರ, ಇದಕ್ಕ ಹಾಲು ಕುಡಿಸಿದವ್ರು ಯಾರ್ರಿ?"

"ಸೋಮವಾರಕ್ಕೊಮ್ಮೆ, ಅಷ್ಟ ತಮ್ಮಾ."

"ಕಂಪ್ಯೂಟರಿಗೆ ದಾರ ಕಟ್ಟೀರಿ, ಇದಕ್ಕ ಹಾಲು ಕುಡಿಸೀರಿ. ಇನ್ನ ಜವಳ ತೆಗೆಯೂದೊಂದು ಉಳದೈತಿ!" ಎಂದು ಗೊಣಗುತ್ತ ಹತ್ತಿ, ಸ್ಪಿರಿಟ್, ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಮೂರು ವರ್ಷದ ಭಕ್ತಿಯನ್ನು ಕೆರೆಯಲು ಕೂತ. ಕೇಂದ್ರದ ಕಂಪ್ಯೂಟರನ್ನು ಪೂರಾ ಅಳಿಸಿ ಹೊಸದಾಗಿ ಕಟ್ಟಿದ. ಭಾನುವಾರ ಸಭಾಭವನದಲ್ಲಿ ಜನ ತುಂಬುವ ಹೊತ್ತಿಗೆ ಪೆನ್‌ಡ್ರೈವ್ ಕಣ್ಣು ತೆರೆಯಿತು. ವಧುಗಳು ಬಂದರು, ವರರು ಬಂದರು, ಎಲ್ಲರೂ ನಗುತ್ತ ಬಂದರು.

"ಆದ್ರ ಅಯ್ಯಾರ, ಇದರಾಗಿನ ತಾರೀಖು..." ಎಂದು ರಿಯಾಜ ಏನೋ ಹೇಳಹೊರಟ. ಗುರುಪಾದಯ್ಯನವರು ಅಷ್ಟರಲ್ಲಿ ಕಂಪ್ಯೂಟರನ್ನು ಕೂಸಿನಂತೆ ಎತ್ತಿಕೊಂಡು ರಿಕ್ಷಾ ಹತ್ತಿದ್ದರು.

ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಗನಬಸವ ಬಿರಾದಾರರು ಮೈಕಿನ ಮುಂದೆ ನಿಂತು, "ಮನಷಾ ಸುಳ್ಳು ಹೇಳಬಹುದು, ಕಂಪ್ಯೂಟರ್ ಹೇಳಂಗಿಲ್ಲ. ನೋಡ್ರಿ!" ಎಂದರು. ಪರದೆಯ ಮೇಲೆ ಸಿದ್ದಲಿಂಗೇಶ ಮೂಡಿದ. ಈಗಿನದಕ್ಕಿಂತ ತಲೆಗೂದಲು ಸೊಂಪಾಗಿತ್ತು. ವಯಸ್ಸು ಮೂವತ್ತೊಂದು.

ನೀಲವ್ವ ಕುರ್ಚಿಯ ಮೇಲೆ ಎದ್ದು ನಿಂತಳು. "ಕೇಳಿದ್ರೇನು? ನಾ ಹೇಳಿದ್ದು ಸುಳ್ಳಾ? ಕಂಪ್ಯೂಟರೂ ಅದನ್ನ ಹೇಳ್ತೈತಿ!"

ಮುಂದೆ ಕಾವ್ಯಾ. ಇಪ್ಪತ್ತಾರು. ಅವಳ ತಾಯಿ ಮಗಳನ್ನು ತಿವಿದು, "ಇನ್ನ ನೀ ಎದುರು ಮಾತಾಡಬ್ಯಾಡ" ಎಂದಳು. ಒಬ್ಬೊಬ್ಬರದು ಬಂದ ಹಾಗೆಲ್ಲ ಸಭೆಯಲ್ಲಿ ಸಂತೋಷ ಉಕ್ಕಿತು. ಮನೆಮನೆಯಲ್ಲಿ ಹೇಳಿದ ಸುಳ್ಳುಗಳಿಗೆಲ್ಲ ಪರದೆ ಸಾಕ್ಷಿ ನುಡಿಯುತ್ತಿತ್ತು. ರೇಣುಕವ್ವ ಇದ್ದ ಕಾಲದ ಪೆನ್‌ಡ್ರೈವಿನಲ್ಲಿ ಎಲ್ಲರೂ ಮೂರು ವರ್ಷ ಚಿಕ್ಕವರಾಗಿಯೇ ಉಳಿದಿದ್ದಾರೆಂದು ಗುರುಪಾದಯ್ಯನವರಿಗೆ ಆಗ ಹೊಳೆಯಿತು. ಹೊಳೆದ ಗಳಿಗೆಗೇ ಪರದೆಯ ಮೇಲೆ ಮುಂದಿನ ವರ ಬಂದ: ಅಶೋಕ, ವಯಸ್ಸು ಇಪ್ಪತ್ತೆಂಟು, ಅವಿವಾಹಿತ.

ಅಶೋಕ ಸಭೆಯಲ್ಲೇ ಇದ್ದ. ತಮ್ಮನಿಗೆ ಹೆಣ್ಣು ನೋಡಲು ಬಂದಿದ್ದ. ತೊಡೆಯ ಮೇಲೆ ಒಂದು ಕೂಸು, ಪಕ್ಕದಲ್ಲಿ ಹೆಂಡತಿ ಗೌತಮಿ.

ಗೌತಮಿ ಮೇಲಕ್ಕೆದ್ದಳು. "ಅವಿವಾಹಿತ! ಹಂಗಾರ ನಾ ಯಾರ್ರೀ? ಈ ಕೂಸ್ಯಾರದು? ತಮ್ಮಗ ನೋಡಾಕ ಹೊಂಟೀನಿ ಅಂತ ಹೇಳಿ ನಿಮ್ಮ ಫೋಟೋ ತಂದು ಇಲ್ಲಿ ಹಚ್ಚೀರೇನು?"

"ಏ ಇಲ್ಲಬೇ, ನನಗೇನೂ ಗೊತ್ತಿಲ್ಲ..."

"ಮನಷಾ ಸುಳ್ಳು ಹೇಳ್ತಾನ, ಕಂಪ್ಯೂಟರ್ ಹೇಳಂಗಿಲ್ಲ! ಈಗ ಹೇಳಿದ್ರು ಅಧ್ಯಕ್ಷರು!"

ಕೂಸು ಅಳಲು ಹಚ್ಚಿತು. ಗೌತಮಿಯ ಕಣ್ಣಲ್ಲಿ ನೀರು ಬಂತು. ಸುಮ್ಮನಿದ್ದರೆ ಕೇಂದ್ರ ಉಳಿಯುತ್ತದೆ, ಒಂದು ಸಂಸಾರ ಕೆಡುತ್ತದೆ. ಗುರುಪಾದಯ್ಯನವರು ಅಧ್ಯಕ್ಷರ ಕೈಯಿಂದ ಮೈಕು ಕಸಿದುಕೊಂಡರು.

"ತಂಗಿ, ನಿನ್ನ ಗಂಡಂದು ಏನೂ ತಪ್ಪಿಲ್ಲ. ತಪ್ಪೆಲ್ಲಾ ನಂದು. ಕಂಪ್ಯೂಟರಿಗೆ ಕಳ್ಳರು ಕೀಲಿ ಹಾಕ್ಯಾರ. ಕದಾ ತೆರದಾವ ನಾನ. ಅಂಜಿ ಯಾರಿಗೂ ಹೇಳಲಿಲ್ಲ. ನಾ ನಿಮ್ಮ ಮನಿಗೆ ಬಂದದ್ದು ವಯಸ್ಸು, ಎತ್ತರ ಮತ್ತ ಬರಕೊಳ್ಳಾಕ. ಯಾರಿಗೂ ಯಾವ ಸಂಬಂಧನೂ ಬಂದಿಲ್ಲ. ಇಲ್ಲಿ ಕಾಣೂದೆಲ್ಲಾ ಮೂರು ವರ್ಷದ ಹಳೇದು."

ಅಧ್ಯಕ್ಷರ ಮುಖ ಅವರ ಅಂಗಡಿಯ ಮಾಲಿನಂತೆ ಸುಕ್ಕುಗಟ್ಟಿತು.

"ಮಂದ್ಯಾಗ ನನ್ನ ಮರ್ಯಾದಿ ತಗದ್ರಿ ಅಯ್ಯಾರ. ನಾಳಿಗೆ ಕೋಣಿ ಖಾಲಿ ಮಾಡ್ರಿ. ಅಳಿಯಗ ಹೇಳ್ತೀನಿ."

"ಅದೆಂಗ ಆಗ್ತೈತ್ರಿ?" ಎಂದಳು ನೀಲವ್ವ. ಆಕೆ ಇನ್ನೂ ಕುರ್ಚಿಯ ಮೇಲೆಯೇ ಇದ್ದಳು. "ನಮ್ಮ ಮನ್ಯಾಗ ಮಾದಲಿ ಉಂಡಾರ. ತುಪ್ಪ ಹಾಕಿಸಿಕೊಂಡಾರ. ಹೆಣ್ಣು ತೋರಸದ ಅವ್ರನ್ನ ಎಲ್ಲಿಗಿ ಕಳಸ್ತೀರಿ?"

"ನಮ್ಮಲ್ಲಿ ಹೋಳಿಗಿ ಉಂಡಾರ" ಎಂದ ಶಿವಪುತ್ರಪ್ಪ.

"ನಮ್ಮಲ್ಲಿ ಕಡಬು!"

"ನಮ್ಮಲ್ಲಿ ಬರಲೇ ಇಲ್ಲ! ಮೊದ್ಲ ಬಂದು ಉಂಡು ಹೋಗಲಿ, ಆಮ್ಯಾಲ ಕೋಣಿ ಖಾಲಿ ಮಾಡ್ಸಿರಂತ" ಎಂದರು ಕಾಖಂಡಕಿಯವರು.

ಉಂಡ ಮನೆಯ ಋಣ ಎಂಬುದು ದೊಡ್ಡದು. ಗುರುಪಾದಯ್ಯನವರು ಆ ವಾರ ಉಂಡ ಮನೆಗಳಾದರೋ ಲೆಕ್ಕಕ್ಕೆ ಮೀರಿದ್ದವು, ಅವುಗಳಲ್ಲಿ ಬಹಳಷ್ಟು ಸಂಗನಬಸವರಿಗೆ ಒಣದ್ರಾಕ್ಷಿ ಹಾಕುವ ಮನೆಗಳು. ಅಧ್ಯಕ್ಷರು ಶಾಲುಗಳ ಗಂಟನ್ನು ನೋಡಿದರು, ಪೇಡೆಯ ಡಬ್ಬಿಗಳನ್ನು ನೋಡಿದರು, ಬಾಗಿಲಲ್ಲಿ ಕಾಯುತ್ತಿದ್ದ ಅಳಿಯನನ್ನು ನೋಡಿ ತಲೆ ಅಲ್ಲಾಡಿಸಿದರು.

"ಆತು, ಆತು. ಕೋಣಿ ಇರಲಿ, ತಂದ ಪೇಡೆ ಹಂಚ್ರಿ. ಎಲ್ಲಾರೂ ಬಂದೀರಿ, ಕುಂತು ನಿಮ್ಮ ನಿಮ್ಮ ಖರೇ ವಯಸ್ಸು ಹೇಳ್ಕೋರಿ."

ಖರೇ ವಯಸ್ಸು ಎಂದ ಕೂಡಲೇ ಅರ್ಧ ಸಭೆ ಪೇಡೆಯ ಕಡೆಗೆ ಎದ್ದಿತು. ಆ ಗದ್ದಲದಲ್ಲಿ ಕಾವ್ಯಾ ಸಿದ್ದಲಿಂಗೇಶನನ್ನು ಕೇಳಿದಳು:

"ನಿಮ್ಮ ವಯಸ್ಸೆಷ್ಟ್ರಿ?"

"ನಮ್ಮವ್ವಂದು ಹೇಳ್ಲೋ, ನಂದು ಹೇಳ್ಲೋ?"

"ನಿಮ್ಮದು."

"ಮೂವತ್ನಾಲ್ಕು."

"ನಂದು ಇಪ್ಪತ್ತೊಂಬತ್ತು" ಎಂದು ಕಾವ್ಯಾ ನಕ್ಕಳು. ಮುಂದಿನ ಮಾತು ಗುರುಪಾದಯ್ಯನವರಿಗೆ ಕೇಳಿಸಲಿಲ್ಲ. ಶಿವಪುತ್ರಪ್ಪ ಮಾತ್ರ ನೀಲವ್ವನ ಪಕ್ಕದ ಕುರ್ಚಿಗೆ ಸರಿದು, ತೋಟಕ್ಕೆ ನೀರಿನ ಅನುಕೂಲ ಹೇಗಿದೆ ಎಂದು ವಿಚಾರಿಸುತ್ತಿದ್ದುದು ಕಂಡಿತು.

ಮರುದಿನ ಕೇಂದ್ರದಲ್ಲಿ ರಿಯಾಜ ಒಂದೊಂದೇ ಹಾಳೆ ತೆರೆದ. ಗುರುಪಾದಯ್ಯನವರು ಪಕ್ಕದಲ್ಲಿ ಕುಳಿತು ಎಲ್ಲರಿಗೂ ಮೂರು ವರ್ಷ ಕೂಡಿಸಿದರು. ಅಶೋಕನನ್ನು ಗೌತಮಿಯ ಎದುರಿಗೇ ತೆಗೆದುಹಾಕಿದರು. ಪ್ರತಿ ಹಾಳೆಯ ಕೆಳಗೆ ಒಂದು ಸಾಲಿತ್ತು: 'ಹೆಚ್ಚಿನ ವಿಚಾರಣೆಗೆ ರೇಣುಕವ್ವ ಅವರನ್ನು ಕಾಣಿರಿ.'

"ಇದನ್ನೂ ಬದಲಿ ಮಾಡ್ಲೇನ್ರಿ ಅಯ್ಯಾರ?" ಎಂದು ರಿಯಾಜ ಮೆಲ್ಲಗೆ ಕೇಳಿದ.

ಗುರುಪಾದಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅದು ಹಂಗ ಇರಲಿ. ನನಗೂ ಏನರ ತಿಳೀಲಿಲ್ಲಂದ್ರ ಆಕಿನ್ನೇ ಕೇಳೂದು."

ನಕಲು ಮುಗಿದ ಕೂಡಲೇ ಅವರು ಪೆನ್‌ಡ್ರೈವನ್ನು ತಮ್ಮ ಕೈಯಿಂದಲೇ ಬಿಚ್ಚಿದರು. ಸಂಜೆ ಅನುರಾಧಾ ಅದನ್ನು ಮತ್ತೆ ಕೆಂಪು ಬಟ್ಟೆಯಲ್ಲಿ ಹೊಲಿದು ಕೊಟ್ಟಳು. ಜಗಲಿಯ ಮೂಲೆಯಲ್ಲಿ ಅದರ ಜಾಗ ಹಾಗೆಯೇ ಇತ್ತು. ಗುರುಪಾದಯ್ಯನವರು ವಿಭೂತಿ ಹಚ್ಚಿದರು, ಹೂವು ಏರಿಸಿದರು. ಅಂದು ಸೋಮವಾರ. ಕೈ ತಾನಾಗಿ ಉದ್ಧರಣೆಯ ಕಡೆಗೆ ಹೋಯಿತು.

"ಮಾಂವಾರ" ಎಂದು ಅಡುಗೆಮನೆಯಿಂದ ದನಿ ಬಂತು. "ಹಾಲು ನೀವ ಕುಡೀರಿ."